ಎರಡನೇ ಮಹಡಿಯ ಕೆಮ್ಮು

ಮೀನು ತಿನ್ನುವುದನ್ನು ಬಿಟ್ಟಿದ್ದೆ, ಬೇಯಿಸುವುದನ್ನು ಬಿಟ್ಟಿರಲಿಲ್ಲ. ಇದರ ಕಷ್ಟ ಘಟ್ಟದ ಮೇಲಿನವರಿಗೆ ಅರ್ಥವಾಗಲಿಕ್ಕಿಲ್ಲ, ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಬಂಗುಡೆಯ ಸಾರು ಒಲೆಯ ಮೇಲೆ ಕುದಿಯುತ್ತಿರುವಾಗ ಒಂದು ತೊಟ್ಟನ್ನೂ ಅಂಗೈಗೆ ಹಾಕಿ ನೆಕ್ಕದೆ ಉಪ್ಪು ಹಾಕುವುದೆಂದರೆ ಕಣ್ಣು ಮುಚ್ಚಿಕೊಂಡು ಸೂಜಿಗೆ ನೂಲು ಪೋಣಿಸಿದ ಹಾಗೆ. ಸೌದಿಯ ಖತೀಫ್ ಊರಿನ ಆ ಮೂರನೇ ಮಹಡಿಯ ಅಡುಗೆಮನೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಹಾಗೆ ಅಂದಾಜಿನ ಮೇಲೆ ಉಪ್ಪು ಹಾಕಿದೆ. ನನ್ನ ಗಂಡ ತಟ್ಟೆಯ ಮುಂದೆ ಕುಳಿತು, "ಇವತ್ತು ಉಪ್ಪು ಸ್ವಲ್ಪ ಮುಂದೆ ಹೋಯ್ತು," ಅನ್ನುತ್ತಿದ್ದರು. ನಾನು ಗಂಜಿಗೆ ಮಾವಿನ ಉಪ್ಪಿನಕಾಯಿ ನೆಂಚಿಕೊಂಡು ಕೇಳಿಸಿಕೊಳ್ಳುತ್ತಿದ್ದೆ.

ಹರಕೆ ನನ್ನದೇ. ಯಾರೂ ಹೊರು ಎಂದು ಹೇಳಿರಲಿಲ್ಲ. ಅದಕ್ಕೇ ಮುಂದೆ ನಡೆದದ್ದನ್ನು ಯಾರ ಹತ್ತಿರವೂ ಹೇಳಿಕೊಳ್ಳಲು ಆಗಲಿಲ್ಲ. ಹೇಳಿದರೆ, "ಗಂಡ ಗುಣವಾದನಲ್ಲ, ನಿನಗೆ ಇನ್ನೇನು ಬೇಕು?" ಎಂದು ಕೇಳುತ್ತಿದ್ದರು. ಅವರು ಗುಣವಾದದ್ದರ ಮೇಲೆಯೇ ನನ್ನ ದೂರು ಎಂದು ಯಾವ ಬಾಯಿಂದ ಹೇಳಲಿ?

ಇದು ಎಂಬತ್ತರ ದಶಕದ ಮಾತು. ನಾನು ಮಂಗಳೂರಿನ ಹತ್ತಿರ ಕ್ರೈಸ್ತ ಇಗರ್ಜಿಯವರು ನಡೆಸುವ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದೆ. ವರ್ಷಗಟ್ಟಲೆ ಬದಲಿ ಟೀಚರ್ ಆಗಿ ದುಡಿದು, ಯಾರಾದರೂ ಹೆರಿಗೆಗೆ ಹೋದರೆ ಸಾಕೆಂದು ಕಾದು, ಕೊನೆಗೆ ಕಾಯಂ ಆದವಳು. ಮದುವೆಯಾದಾಗಲೇ ಗಂಡ ಸೌದಿಯಲ್ಲಿದ್ದರು, ಒಂದು ಕಂಟ್ರಾಕ್ಟ್ ಕಂಪನಿಯ ಸ್ಟೋರ್‌ಕೀಪರ್. ಮೊದಲು ಹಫ್ರ್ ಅಲ್ ಬಾತಿನ್‌ನ ಕ್ಯಾಂಪು, ಒಂದು ಕೋಣೆಗೆ ಎಂಟು ಮಂದಿ. ರಜೆಯಲ್ಲಿ ಊರಿಗೆ ಬಂದಾಗ ಅರ್ಧ ದಿನ ಮಲಗಿರುತ್ತಿದ್ದರು, ಇನ್ನರ್ಧ ದಿನ ನನ್ನ ಹಿಂದೆಯೇ ಅಡುಗೆಮನೆಗೂ ಬಾವಿಕಟ್ಟೆಗೂ ಓಡಾಡುತ್ತಿದ್ದರು. ಆಮೇಲೆ ಕಂಪನಿ ಅವರನ್ನು ದಹ್ರಾನ್ ಕಡೆಯ ಸ್ಟೋರಿಗೆ ಹಾಕಿತು, ಹತ್ತಿರದ ಖತೀಫಿನಲ್ಲಿ ಮನೆಯೂ, ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾವೂ ಸಿಕ್ಕಿತು.

ನಾನು ಸಂಬಳವಿಲ್ಲದ ಒಂದು ವರ್ಷದ ರಜೆ ಹಾಕಿ ಹೊರಟೆ. "ಬರುವ ಜೂನಿಗೆ ಶಾಲೆ ಸುರುವಾಗುವಾಗ ನೀವು ಇರಬೇಕು ಟೀಚರ್, ಇಲ್ಲದಿದ್ದರೆ ಜಾಗ ಬೇರೆಯವರಿಗೆ," ಎಂದು ಶಾಲೆಯ ಸಂಚಾಲಕರು ನಗುತ್ತಲೇ ಹೇಳಿದ್ದರು. ಗಂಡನಿಗೂ ಇದು ಗೊತ್ತಿತ್ತು. ಒಂದು ವರ್ಷ ಒಟ್ಟಿಗೆ, ಆಮೇಲೆ ನಾನು ನನ್ನ ಶಾಲೆಗೆ, ಅವರು ಇನ್ನೆರಡು ವರ್ಷ ದುಡಿದು ಊರಿಗೆ ಎಂದು ನಾವಿಬ್ಬರೂ ಕೂತು ಮಾತಾಡಿ ಮಾಡಿದ ತೀರ್ಮಾನ ಅದು. ನಮ್ಮ ಮನೆಮಾತು ಕೊಂಕಣಿ. ಅವರು ಆಡಿದ್ದನ್ನೆಲ್ಲ ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಾನು ಹೋದ ವರ್ಷವೇ ಚಳಿ ಸುರುವಾಗುವ ಹೊತ್ತಿಗೆ ಅವರಿಗೆ ಜ್ವರ ಬಂತು. ಕಂಪನಿಯ ಡಾಕ್ಟರು ಮಾತ್ರೆ ಕೊಟ್ಟರು. ಜ್ವರ ಇಳಿಯಲಿಲ್ಲ, ಎದೆಯ ಒಂದು ಪಕ್ಕ ಹಿಡಿದುಕೊಂಡಿತು. ಒಂದು ಸಂಜೆ ನೋಡುತ್ತೇನೆ, ಹಾಸಿಗೆಯಲ್ಲಿ ಕೂತು ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದಾರೆ. ಮಾತಾಡಲು ಉಸಿರಿಲ್ಲ. ಕೆಳಗೆ ನೆಲಮಹಡಿಯಲ್ಲಿ ಉಳ್ಳಾಲ ಕಡೆಯ ಒಂದು ಬ್ಯಾರಿ ಮುಸ್ಲಿಂ ಕುಟುಂಬ ಇತ್ತು. ಆ ಮನೆಯಾಕೆಯ ಗಂಡ ನನ್ನ ಗಂಡನ ಕಂಪನಿಯಲ್ಲೇ ಕೆಲಸಕ್ಕಿದ್ದವರು, ಆಕೆಯ ತಮ್ಮ ಟ್ಯಾಕ್ಸಿ ಓಡಿಸುತ್ತಿದ್ದವನು. ಆ ತಮ್ಮನೇ ನನ್ನ ಗಂಡನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಸರ್ಕಾರಿ ಆಸ್ಪತ್ರೆಗೆ ಕೊಂಡುಹೋದ.

ಆಸ್ಪತ್ರೆಯ ಕೌಂಟರಿನಲ್ಲಿ ನಾನು ಪರ್ಸನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ. ನಮ್ಮೂರಿನಲ್ಲಿ ಅಪ್ಪನನ್ನು ನರ್ಸಿಂಗ್ ಹೋಮಿಗೆ ಹೊತ್ತುಕೊಂಡು ಹೋದಾಗ ಅವರು ಮೊದಲು ಕೇಳಿದ್ದು ಅಡ್ವಾನ್ಸ್ ಯಾರು ಕಟ್ಟುವುದು ಎಂದು. ಅಮ್ಮ ಅಲ್ಲೇ ಕೈಬಳೆ ಕಳಚಿದ್ದು, ಅದು ಸಾಬೂನಿಲ್ಲದೆ ಹೊರಗೆ ಬಾರದೆ ಒದ್ದಾಡಿದ್ದು, ಅಷ್ಟರಲ್ಲಿ ಅಪ್ಪ ಹೋಗಿಬಿಟ್ಟದ್ದು ನನ್ನ ಕಣ್ಣಮುಂದೆ ಇತ್ತು. ಇಲ್ಲಿ ಕೌಂಟರಿನವನು ವಾಸದ ಪರವಾನಗಿ ಇಕಾಮಾ ನೋಡಿದ, ಹೆಸರು ಕೇಳಿದ, ನೋವು ಎಲ್ಲಿ ಎಂದು ಕೇಳಿದ. ಮುಂದಿನ ಪ್ರಶ್ನೆಗೆ ನಾನು ಕಾದೆ. ಅವನು ನನ್ನ ಹಿಂದಿನವರನ್ನು ಕರೆದ.

ಎದೆಗೂಡಿನಲ್ಲಿ ಕೀವು ತುಂಬಿತ್ತು. ಸುಡಾನಿನ ಎತ್ತರದ ಒಬ್ಬ ಡಾಕ್ಟರು ಪಕ್ಕೆಗೆ ನಳಿಕೆ ಹಾಕಿ ಅದನ್ನು ಹೊರಗೆ ತೆಗೆದರು, ಆಮೇಲೆ ಎದೆ ಕೊಯ್ದು ಒಳಗೆ ಶುದ್ಧ ಮಾಡಿದರು. ಒಂದು ಪಕ್ಕದ ಹಾಸಿಗೆಯಲ್ಲಿ ಅದೇ ಊರಿನ ಖರ್ಜೂರ ತೋಟದ ಮುದುಕ, ಇನ್ನೊಂದು ಪಕ್ಕದಲ್ಲಿ ಯೆಮನಿನ ಗಾರೆಯವನು, ನಡುವೆ ನನ್ನ ಗಂಡ. ಮೂವರಿಗೂ ಅದೇ ಡಾಕ್ಟರು, ಅದೇ ಇಂಜೆಕ್ಷನ್, ಮಧ್ಯಾಹ್ನದ ತಟ್ಟೆಯಲ್ಲಿ ಅದೇ ಸೇಬು. ಭೇಟಿಯ ಹೊತ್ತಿಗೆ ಹೋದಾಗಲೆಲ್ಲ ಇವತ್ತಾದರೂ ಯಾರಾದರೂ ಬಿಲ್ಲು ಹಿಡಿದುಕೊಂಡು ಬರುತ್ತಾರೆ ಎಂದು ನನಗೆ ಒಳಗೊಳಗೆ ಭಯ. ಬಿಡುಗಡೆಯ ದಿನವೂ ಯಾರೂ ಬರಲಿಲ್ಲ. ಅಳಲು ಜಾಗ ಹುಡುಕಿಕೊಂಡು ಹೋಗಿ ಹೆಂಗಸರ ಕೈತೊಳೆಯುವ ಬಚ್ಚಲಿನಲ್ಲಿ ಅತ್ತೆ. ಆ ಆಸ್ಪತ್ರೆಯ ಋಣ ನನ್ನ ಮೇಲೆ ಇವತ್ತಿಗೂ ಇದೆ. ಮುಂದೆ ಏನೇ ಬರೆದರೂ ಅದನ್ನು ಅಲ್ಲಗಳೆಯುವವಳಲ್ಲ ನಾನು.

ಮನೆಗೆ ಬಂದ ದಿನ ಅವರು ಮೂರು ಮಹಡಿ ಹತ್ತಿದ್ದನ್ನು ಹತ್ತಿದ್ದು ಎನ್ನಲಾಗದು. ನಾಲ್ಕು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದರು. ಕೆಳಗಿನ ಮನೆಯಾಕೆ ಕುರ್ಚಿ ಹಿಡಿದುಕೊಂಡು ಹಿಂದೆಯೇ ಬಂದಳು. ಒಳಗೆ ಬಂದವಳೇ ನಾನು ಕಪಾಟಿನ ಬಾಗಿಲು ತೆರೆದೆ. ಆ ದೇಶದಲ್ಲಿ ಇಗರ್ಜಿ ಇಲ್ಲ, ನಮ್ಮ ಮಾತೆಯ ಪಟ ಕಪಾಟಿನ ಬಾಗಿಲಿನ ಒಳಮೈಯಲ್ಲಿ ಇತ್ತು. ಅದರ ಮುಂದೆ ನಿಂತು ಗಟ್ಟಿಯಾಗಿಯೇ ಹೇಳಿದೆ: "ಇವರು ಈ ಮೆಟ್ಟಿಲನ್ನು ಎಲ್ಲಿಯೂ ನಿಲ್ಲದೆ ಹತ್ತಿ ಬರುವ ದಿನದವರೆಗೆ ನನ್ನ ಬಾಯಿಗೆ ಮೀನಿಲ್ಲ." ಅವರು ಮಂಚದಲ್ಲಿ ಮಲಗಿ ಕೇಳಿಸಿಕೊಂಡರು. "ಯಾಕೆ ಮಾರಾಯ್ತಿ ಇಷ್ಟೆಲ್ಲ," ಎಂದು ಕಣ್ಣೊರೆಸಿಕೊಂಡರು.

ಅವರಿಗೆ ಬಲ ಬರಲಿ ಎಂದು ಮೀನು ಬೇಯಿಸಿ ಹಾಕುತ್ತಲೇ ಇದ್ದೆ. ದಿನದಿಂದ ದಿನಕ್ಕೆ ಮೆಟ್ಟಿಲಿನ ಸದ್ದು ಬದಲಾಯಿತು. ಮೊದಲು ಕೂರುವುದು ನಿಂತಿತು, ಆಮೇಲೆ ಮೊದಲ ಮಹಡಿಯ ನಿಲುಗಡೆ ಹೋಯಿತು. ಈಸ್ಟರಿನ ಮುಂಚಿನ ತಪಸ್ಸು ಕಾಲದ ಹೊತ್ತಿಗೆ ಉಳಿದದ್ದು ಎರಡನೇ ಮಹಡಿಯ ತಿರುವು ಒಂದೇ. ಸಂಜೆ ಅವರು ಕೆಲಸ ಮುಗಿಸಿ ಬರುವಾಗ ನಾನು ಬಾಗಿಲಿನ ಹಿಂದೆ ಕಿವಿಕೊಟ್ಟು ನಿಲ್ಲುತ್ತಿದ್ದೆ. ಹೆಜ್ಜೆ, ಹೆಜ್ಜೆ, ಹೆಜ್ಜೆ, ತಿರುವಿನಲ್ಲಿ ಮೌನ, ಮತ್ತೆ ಒಂದು ಕೆಮ್ಮು. ಕೆಮ್ಮು ಕೇಳಿದೊಡನೆ ಲೋಟಕ್ಕೆ ನೀರು ಹಾಕಿ ಬಾಗಿಲು ತೆರೆದು ನಿಲ್ಲುತ್ತಿದ್ದೆ. ಅವರು ಕಂಬಿ ಹಿಡಿದು ಮೇಲೆ ಬಂದು ನೀರು ಕುಡಿದು, "ಸ್ವಲ್ಪ ಉಂಟು ಇನ್ನು," ಅನ್ನುತ್ತಿದ್ದರು. ಆಗಲಿ, ಇವತ್ತಲ್ಲ ನಾಳೆ ಎಂದುಕೊಂಡು ನಾನು ಗಂಜಿ ಬಡಿಸಿಕೊಳ್ಳುತ್ತಿದ್ದೆ.

ಏಪ್ರಿಲ್ ಬಂತು. ಜೂನಿಗೆ ಬರುತ್ತೀರೋ ಇಲ್ಲವೋ ತಿಳಿಸಿ ಎಂದು ಸಂಚಾಲಕರಿಂದ ಕಾಗದ ಬಂತು. ನಾನು ಗಂಡನಿಗೆ ಹೇಳಿದೆ, "ಈ ಸಲ ಡಾಕ್ಟರನ್ನು ಸರಿಯಾಗಿ ಕೇಳಿ. ನಾನು ಹೋಗಬಹುದಾ, ನೀವು ಒಬ್ಬರೇ ಇರಬಹುದಾ ಅಂತ." ತಪಾಸಣೆಗೆ ಯಾವಾಗಲಿನ ಹಾಗೆ ನಾವು ಇಬ್ಬರೂ ಹೋದೆವು. ಆದರೆ ಅಲ್ಲಿ ಗಂಡಸರು ಕಾಯುವ ಹಾಲ್ ಬೇರೆ, ಹೆಂಗಸರದು ಬೇರೆ. ನಾನು ಹೆಂಗಸರ ಕಡೆ ಬುರ್ಖಾದಂಥ ಕರಿ ಅಬಾಯಾ ತೊಟ್ಟವರ ಸಾಲಿನಲ್ಲಿ ಕೂತು ಜಪಮಣಿಯನ್ನು ಚೀಲದೊಳಗೇ ತಿರುಗಿಸುತ್ತಿದ್ದೆ. ಅವರು ಹೊರಗೆ ಬಂದಾಗ ಮುಖ ನೋಡಿಯೇ ಎದ್ದು ಹತ್ತಿರ ಹೋದೆ.

"ಇನ್ನೂ ಒಂದು ವರ್ಷ ಡಾಕ್ಟರ ಕಣ್ಣೆದುರು ಇರ್ಬೇಕಂತೆ," ಅಂದರು. "ಅಕಸ್ಮಾತ್ ಪುನಃ ತುಂಬಿದ್ರೆ? ಊರಲ್ಲಾದ್ರೆ ಯಾರು ನೋಡ್ತಾರೆ? ಇಲ್ಲಿ ಆದ್ರೆ ಎಲ್ಲ ಫ್ರೀ. ನೀನು ಬೇಕಾದ್ರೆ ಹೋಗು. ನಾನು ಹೇಗಾದ್ರೂ ಸುಧಾರಿಸ್ತೇನೆ."

ನೀನು ಬೇಕಾದ್ರೆ ಹೋಗು. ಈ ಮಾತಿನ ಜಾಣತನ ಈಗ ಗೊತ್ತಾಗುತ್ತದೆ. ಆಗ ನನ್ನ ಕಣ್ಣಿಗೆ ಕಂಡದ್ದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದ ಅವರ ಮುಖ, ಮತ್ತು ಆ ಹೊತ್ತಿನಲ್ಲಿ ಮೂರನೇ ಮಹಡಿಯ ಖಾಲಿ ಮನೆ. ಅಂಥ ಆಸ್ಪತ್ರೆಯನ್ನು ದೇವರು ಕಾಲಬುಡದಲ್ಲಿ ಇಟ್ಟಿರುವಾಗ ಇವರನ್ನು ಊರಿಗೆ ಎಳೆಯುವುದು ಪಾಪ, ಇವರನ್ನು ಬಿಟ್ಟು ಹೋಗುವುದು ಇನ್ನೂ ದೊಡ್ಡ ಪಾಪ. ಅದೇ ವಾರ ರಾಜೀನಾಮೆ ಬರೆದು ಕಳಿಸಿದೆ. ನನ್ನ ಜಾಗಕ್ಕೆ ಬಂದವಳು ನಾನೇ ಕಲಿಸಿದ ಹುಡುಗಿ ಎಂದು ಆಮೇಲೆ ತಂಗಿ ಬರೆದಳು. ಆ ಕಾಗದ ಓದಿ ಅತ್ತೆ. ಗಂಡ ನನ್ನ ಬೆನ್ನು ಸವರಿ, "ನಿನ್ನ ಉಪಕಾರ ಹೇಗೆ ತೀರಿಸುದು," ಅಂದರು.

ಅಲ್ಲಿಂದ ಬೇಸಿಗೆ ಕಳೆದು, ಮತ್ತೆ ಚಳಿಗಾಲ ಬಂತು. ಎರಡನೇ ಮಹಡಿಯ ಕೆಮ್ಮು ಮಾತ್ರ ಹೋಗಲಿಲ್ಲ. ಸಾಕಪ್ಪ ಈ ಹರಕೆ ಎಂದು ಒಂದೊಂದು ದಿನ ಅನಿಸಿದ್ದುಂಟು. ಕೆಳಗಿನ ಮನೆಯಾಕೆ ಸಿಗಡಿ ಹುರಿಯುವಾಗ ಕಿಟಕಿ ಮುಚ್ಚುತ್ತಿದ್ದೆ. "ನಿಮ್ಮದೊಂದು ಹಟ ಮಾರಾಯ್ತಿ," ಎಂದು ಆಕೆ ಬೈಯುತ್ತಿದ್ದಳು. ಹರಕೆ ಎಂದಷ್ಟೇ ಆಕೆಗೆ ಗೊತ್ತಿತ್ತು, ಮೆಟ್ಟಿಲಿನ ಮಾತು ನಾನು ಹೇಳಿರಲಿಲ್ಲ.

ಒಂದು ಶುಕ್ರವಾರ ಕಂಪನಿಯ ಗಂಡಸರದ್ದು ಸಮುದ್ರದ ಬದಿಯಲ್ಲಿ ಪಿಕ್‌ನಿಕ್ ಎಂದು ಗಂಡ ಬೆಳಕಾಗುವ ಮೊದಲೇ ಹೊರಟರು. ಚಳಿ ಇದೆ, ಎದೆಗೆ ಗಾಳಿ ತಾಗಬಾರದು ಎಂದು ನಾನು ಮಫ್ಲರ್ ಸುತ್ತಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯಾಕೆ ಅಬಾಯಾ ಹಾಕಿ ತಯಾರಾಗಿ ಬಾಗಿಲು ತಟ್ಟಿದಳು. ನಮ್ಮಿಬ್ಬರ ನಡುವೆ ಕನ್ನಡವೇ.

"ಎಂತ, ನೀವಿನ್ನೂ ಹೊರಟಿಲ್ವ? ತಮ್ಮ ಗಾಡಿ ತಂದಿದ್ದಾನೆ."

"ಎಲ್ಲಿಗೆ?"

"ಎಲ್ಲಿಗೆ ಅಂತ ಕೇಳ್ತೀರಲ್ಲ! ದಹ್ರಾನಿಗೆ. ನಿಮ್ಮೋರ ಓಟ ಅಲ್ವ ಇವತ್ತು? ನಮ್ಮೋರದ್ದೂ ಉಂಟು." ನನ್ನ ಮುಖ ನೋಡಿ ಆಕೆ ತಡೆದಳು. "ನಿಮಗೆ ಹೇಳ್ಲಿಲ್ವ? ಇಷ್ಟು ದಿನ ಹೇಳ್ಬೇಡಿ, ಅವಳು ಹೆದರ್ತಾಳೆ ಅಂತ ಇದ್ರು. ಇವತ್ತಾದ್ರೂ ಹೇಳಿರ್ಬಹುದು ಅಂತ ನಾನು..."

"ಗೊತ್ತುಂಟು ಗೊತ್ತುಂಟು," ಅಂದೆ. ಗಂಡನ ಗುಟ್ಟು ಪಕ್ಕದ ಮನೆಯವಳಿಂದ ತಿಳಿಯುವುದಕ್ಕಿಂತ ಸುಳ್ಳು ಹೇಳುವುದು ಹಗುರ. "ನನಗೆ ತಲೆನೋವು ಇತ್ತು, ಅದಕ್ಕೆ ಮರೆತುಹೋಯ್ತು." ಅಬಾಯಾ ಹಾಕಿಕೊಳ್ಳುವಾಗ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡೆ.

ದಾರಿಯುದ್ದಕ್ಕೂ ನನಗೆ ಇದ್ದದ್ದು ಭಯ ಒಂದೇ. ಈ ಮನುಷ್ಯ ಮೆಟ್ಟಿಲು ಹತ್ತಲಾರದವನು ಓಡಿ ಸಾಯಲು ಹೊರಟಿದ್ದಾನೆ, ಯಾರೋ ಹುರಿದುಂಬಿಸಿದ್ದಾರೆ, ಹೇಗಾದರೂ ತಡೆಯಬೇಕು. ಆಕೆ ಪಕ್ಕದಲ್ಲಿ ಕೂತು ಮಾತಾಡುತ್ತಲೇ ಇದ್ದಳು.

"ಏಪ್ರಿಲಿಂದ ಓಡ್ತಾ ಇದ್ದಾರೆ ಇಬ್ರೂ, ಕೆಲಸಕ್ಕೆ ಮೊದ್ಲು. ನಮ್ಮೋರ ಹೊಟ್ಟೆ ಸಹ ಸ್ವಲ್ಪ ಒಳಗೆ ಹೋಯ್ತು. ಡಾಕ್ಟ್ರೇ ಹೇಳಿದ್ದಂತೆ ಅಲ್ವ ನಿಮ್ಮೋರಿಗೆ? ನೀನು ಪೂರ್ತಿ ಹುಷಾರು, ಇನ್ನು ಇಲ್ಲಿಗೆ ಬರ್ಬೇಡ, ಬೇಕಾದ್ರೆ ಓಡು ಅಂತ."

"ಏಪ್ರಿಲಿನಲ್ಲಾ?"

"ಹೌದಲ್ಲ. ಅವರ ಬನಿಯನ್ನು, ಚಡ್ಡಿ ಎಲ್ಲ ನಮ್ಮ ಮೆಶಿನಿಗೇ ಹಾಕುದು ನಾನು. ಅವಳಿಗೆ ಕೆಲಸ ಜಾಸ್ತಿ ಆಗ್ಬಾರ್ದು ಅಂತಾರೆ. ಒಳ್ಳೇ ಮನುಷ್ಯ ಬಿಡಿ."

ನಾನು ಕಿಟಕಿಯ ಹೊರಗೆ ನೋಡಿದೆ. ಮಂಜು ಮುಸುಕಿದ ರಸ್ತೆ, ದೂರದಲ್ಲಿ ಎಣ್ಣೆಬಾವಿಯ ಗ್ಯಾಸಿನ ಬೆಂಕಿ. ಆಕೆ ತಪ್ಪು ತಿಳಿದುಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಎಣ್ಣೆ ಕಂಪನಿಯವರ ವಸತಿಯ ಬೇಲಿ ಉದ್ದಕ್ಕೂ ಹೋಗುವ ರಸ್ತೆಯಲ್ಲಿ ಓಟ. ಕಂಟ್ರಾಕ್ಟ್ ಕಂಪನಿಯವರಿಗೂ ಸೇರಲು ಅವಕಾಶ ಇತ್ತು. ಟ್ಯಾಕ್ಸಿಯನ್ನು ಬದಿಗೆ ನಿಲ್ಲಿಸಿ ನಾವು ಬೇಲಿಯ ಹತ್ತಿರ ನಿಂತೆವು. ಹಣೆಗೆ ಪಟ್ಟಿ ಕಟ್ಟಿಕೊಂಡ ಅಮೆರಿಕದ ಅಜ್ಜಂದಿರು, ಫಿಲಿಪ್ಪೀನಿನ ಹುಡುಗರು, ಪಠಾಣರು, ನಮ್ಮವರು, ಎಲ್ಲರ ಎದೆಯ ಮೇಲೂ ಬಟ್ಟೆಯ ನಂಬರು. ನನ್ನ ಗಂಡನ ಮೊಣಕಾಲನ್ನು ಮನೆಯ ಹೊರಗೆ ಕಂಡದ್ದು ಅದೇ ಮೊದಲು. ನಾನು ಸುತ್ತಿ ಕಳಿಸಿದ ಮಫ್ಲರ್ ಎಲ್ಲಿ ಹೋಗಿತ್ತೋ. ಕೂಗಿ ಕರೆಯಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಸೀಟಿ ಊದಿದರು, ಗುಂಪು ಹೊರಟಿತು, ನನ್ನ ಗಂಡ ಕೆಳಗಿನ ಮನೆಯವರ ಜೊತೆ ನಮ್ಮೆದುರೇ ಓಡಿಹೋದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಬಾಯಾ ಹಾಕಿದ ಮೇಲೆ ಎಲ್ಲ ಹೆಂಗಸರೂ ಒಂದೇ, ಅವರು ನನ್ನ ಕಡೆ ನೋಡಿಯೂ ನೋಡಲಿಲ್ಲ.

ಬೆನ್ನ ಮೇಲೆ ಒಂದು ಬಿಳಿ ಬಟ್ಟೆ ಹೊಲಿದಿತ್ತು, ಅದರಲ್ಲಿ ಹಸಿರು ನೂಲಿನ ಅರಬಿ ಅಕ್ಷರ. ಮೇಲಿನದು ಶುಕ್ರನ್, ಧನ್ಯವಾದ. ಕೆಳಗಿನ ಶಬ್ದವನ್ನು ನಾನು ಬಸ್ಸಿನ ಬೋರ್ಡಿನಲ್ಲಿ ನೋಡಿ ನೋಡಿ ಕಲಿತಿದ್ದೆ, ಆಸ್ಪತ್ರೆ.

"ನಾನೇ ಹೊಲಿದದ್ದು," ಎಂದಳು ಆಕೆ ಸಂಭ್ರಮದಿಂದ. "ಜೀವ ಉಳಿಸಿದವರಿಗೆ ಒಂದು ಶುಕ್ರನ್ ಹೇಳ್ಬೇಕು ಅಂದ್ರು. ಚಂದ ಬಂದಿದೆ ಅಲ್ವ?"

ಚಂದ ಬಂದಿತ್ತು. ಆ ಮನುಷ್ಯನ ಅಂಗಿಯ ಗುಂಡಿಯಿಂದ ಹಿಡಿದು ಆಸ್ಪತ್ರೆಯಲ್ಲಿ ಹಾಕಿದ ನಿಲುವಂಗಿಯ ದಾರದವರೆಗೆ ಹೊಲಿದವಳು ನಾನು. ಈ ಒಂದು ಹೊಲಿಗೆ ಮಾತ್ರ ನನ್ನ ಕೈಗೆ ಬಂದಿರಲಿಲ್ಲ.

ಅವರು ತಿರುಗಿ ಬರುವವರೆಗೆ ಕಾದೆವು. ನನ್ನ ತಲೆಯಲ್ಲಿ ಆಗಲೂ ಅವರು ಎಲ್ಲೋ ರಸ್ತೆ ಬದಿಯಲ್ಲಿ ಎದೆ ಹಿಡಿದು ಕೂತಿದ್ದರು. ಮುಂದಿನ ಗುಂಪು ಬಂದು ಮುಟ್ಟಿತು. ಆಮೇಲೆ ಒಬ್ಬೊಬ್ಬರೇ, ಇಬ್ಬಿಬ್ಬರೇ ಬಂದರು. ಕೊನೆಗೆ ತಿರುವಿನಲ್ಲಿ ಆ ನಡಿಗೆ ಕಂಡಿತು, ಸ್ವಲ್ಪ ಎಡಕ್ಕೆ ವಾಲುವ ಹೆಗಲು. ಮೊದಲು ನನಗೆ ಬಂದದ್ದು ಸಂತೋಷ. ಇದನ್ನು ಮುಚ್ಚಿಡಲಾರೆ. ಸತ್ತೇ ಹೋಗುತ್ತಾರೆ ಎಂದುಕೊಂಡ ಮನುಷ್ಯ ಎರಡು ಕಾಲಿನಲ್ಲಿ ಓಡಿ ಬರುತ್ತಿದ್ದಾರೆ, ಕೆನ್ನೆ ಕೆಂಪಾಗಿದೆ, ಬೆವರು ಹೊಳೆಯುತ್ತಿದೆ. ಮಾತೆಯೇ, ನನ್ನ ಹರಕೆ ಕೇಳಿದೆಯಾ ಎಂದು ಕಣ್ಣು ತುಂಬಿತು.

ಅವರು ಹತ್ತಿರ ಬಂದರು. ಓಡುತ್ತಾ ಮಾತಾಡುತ್ತಿದ್ದರು. ಪಕ್ಕದವರಿಗೆ ಏನೋ ಹೇಳಿ ನಕ್ಕರು, ನಗುತ್ತಲೇ ಓಡಿದರು. ಒಮ್ಮೆಯೂ ಕೆಮ್ಮಲಿಲ್ಲ.

ಹಿಂದಿನ ದಿನ ಸಂಜೆಯೂ ನಾನು ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರು ಎರಡನೇ ಮಹಡಿಯ ತಿರುವಿನಲ್ಲಿ ನಿಂತು, ಕೆಮ್ಮಿ, ಕಂಬಿ ಹಿಡಿದು ಹತ್ತಿ ಬಂದಿದ್ದರು. ಆಮೇಲೆ ನನ್ನೆದುರು ಕೂತು ಮೀನು ತಿಂದಿದ್ದರು. ಏಪ್ರಿಲಿನಿಂದ ಪ್ರತಿ ಸಂಜೆಯೂ ಹಾಗೆ. ರಾಜೀನಾಮೆಯ ಲಕೋಟೆಗೆ ನಾನು ಅಂಟು ಹಚ್ಚಿದ ದಿನವೂ, ನನ್ನ ಜಾಗಕ್ಕೆ ಬೇರೆಯವಳು ಬಂದಳೆಂದು ಅತ್ತ ದಿನವೂ. ಬೆಳಗ್ಗೆ ಬೇಲಿಯ ಪಕ್ಕದಲ್ಲಿ ಓಡಿ, ಸಂಜೆ ಮೆಟ್ಟಿಲಲ್ಲಿ ನನಗಾಗಿ ಕೆಮ್ಮುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಯಾರೋ ಅವರ ಕೈಗೆ ಕಿತ್ತಳೆಯ ಹೋಳು ಕೊಟ್ಟರು.

"ಹೋಗುವನ," ಎಂದೆ ಆಕೆಗೆ. "ನಾನು ಬಂದದ್ದು ಅವರಿಗೆ ಹೇಳ್ಬೇಡಿ. ನಾನೂ ಒಂದು ಸರ್ಪ್ರೈಸ್ ಕೊಡ್ತೇನೆ."

ಹಿಂತಿರುಗುವಾಗ ಖತೀಫಿನ ಮೀನು ಮಾರುಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿದೆ. ಆಕೆಯ ತಮ್ಮ ಇಳಿದು ಹೋಗಿ ಬಂಗುಡೆ ತಂದ. ಆಕೆ ಕಣ್ಣರಳಿಸಿದಳು.

"ನಿಮಗಾ? ಹರಕೆ ತೀರಿತಾ?"

"ತೀರಿತು."

"ಅಲ್‌ಹಮ್ದುಲಿಲ್ಲಾ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಆಕೆಗೆ ನಿಜವಾಗಿ ಸಂತೋಷವಾಗಿತ್ತು. ಆಕೆಯ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ.

ಮನೆಗೆ ಬಂದು ಮೀನು ಹೆಚ್ಚಿದೆ, ಮಸಾಲೆ ಹಚ್ಚಿದೆ. ಒಬ್ಬಳಿಗೆ ಸಾಕಾಗುವಷ್ಟು ಎಣ್ಣೆಯಲ್ಲಿ ಕಾಯಿಸಿದೆ. ಉಪ್ಪನ್ನು ನಾಲಿಗೆಗೆ ಹಾಕಿ ನೋಡಿ, ಸ್ವಲ್ಪ ಕಡಿಮೆ ಅನಿಸಿ ಇನ್ನಷ್ಟು ಹಾಕಿದೆ. ಇನ್ನೊಂದು ತಟ್ಟೆಗೆ ಗಂಜಿ ಬಡಿಸಿ, ಅಂಚಿಗೆ ಮಾವಿನ ಉಪ್ಪಿನಕಾಯಿ ಇಟ್ಟೆ. ಹಾಗೆ ಇಟ್ಟುಕೊಂಡು ಕೂತೆ.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಕೆಳಗೆ ಕಾರು ನಿಂತ ಸದ್ದು ಬಂತು. ನನಗೆ ಆಗಲೂ ಒಂದು ಆಸೆ ಇತ್ತು. ಇವತ್ತು ಓಡಿ ಮುಗಿಸಿದ್ದಾರೆ, ಮನಸ್ಸು ತುಂಬಿದೆ, ಇವತ್ತಾದರೂ ನಿಲ್ಲದೆ ಬಂದು ನನ್ನೆದುರು ನಿಂತು ಎಲ್ಲ ಹೇಳಿಬಿಡಬಹುದು. ಹೇಳಿದರೆ ಅರ್ಧ ಸಿಟ್ಟು ಬಿಡುತ್ತೇನೆ ಎಂದುಕೊಂಡೆ. ಹೆಜ್ಜೆಗಳು ಮೊದಲ ಮಹಡಿ ದಾಟಿದವು. ಎರಡನೆಯದಕ್ಕೆ ಬಂದವು. ನಿಂತವು.

ಕೆಮ್ಮು ಕೇಳಿಸಿತು.

ನಾನು ಏಳಲಿಲ್ಲ. ನೀರು ಹಾಕಲಿಲ್ಲ. ಅವರು ಬಾಗಿಲವರೆಗೆ ಬಂದು ಸ್ವಲ್ಪ ಹೊತ್ತು ನಿಂತರು, ಆಮೇಲೆ ಕೀ ಹಾಕಿ ತೆರೆದರು. ಮಫ್ಲರ್ ಕತ್ತಿನಲ್ಲಿ ಅಚ್ಚುಕಟ್ಟಾಗಿ ಸುತ್ತಿಕೊಂಡಿತ್ತು. ನನ್ನ ತಟ್ಟೆ ನೋಡಿದರು.

"ಇದೆಂತ?"

"ಬಂಗುಡೆ."

"ಹರಕೆ?"

"ಕೂತ್ಕೊಳ್ಳಿ. ಮೆಟ್ಟಿಲು ಹತ್ತಿ ಸುಸ್ತಾಗಿರ್ಬೇಕು."

ಕೂತರು. ಗಂಜಿಯ ತಟ್ಟೆಯನ್ನು ಅವರೆದುರು ಸರಿಸಿದೆ. "ಪಿಕ್‌ನಿಕ್ ಹೇಗಾಯ್ತು?"

"ಒಳ್ಳೇದಾಯ್ತು," ಅಂದರು. ಆಗಲೂ.

"ಶುಕ್ರನ್ ಬರೆದ ಅಂಗಿ ಎಲ್ಲಿ? ಒಗೀಲಿಕ್ಕೆ ಕೆಳಗೆ ಕೊಟ್ರಾ?"

ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಆಸ್ಪತ್ರೆಯಲ್ಲಿ ಇದ್ದಾಗಲೂ ಅಷ್ಟು ಬಿಳಿಚಿರಲಿಲ್ಲ. ಉಪ್ಪಿನಕಾಯಿಯ ಹೋಳನ್ನು ಬೆರಳಿನಿಂದ ಅತ್ತಿತ್ತ ಮಾಡಿದರು.

"ನೀನು ಹೋಗ್ತಿದ್ದಿ," ಅಂದರು ಕೊನೆಗೆ. "ನೀನು ಹೋದ್ರೆ ನಾನು ಪುನಃ ಕ್ಯಾಂಪಿಗೆ. ಎಂಟು ಜನರ ಗೊರಕೆ, ಎಂಟು ಜನರ ಕಾಲುಚೀಲದ ವಾಸನೆ. ಒಂದು ವರ್ಷ ಮನೆ ಅಂತ ಒಂದು ಇತ್ತು. ಡಾಕ್ಟರು ಹುಷಾರು ಅಂದಾಗ ಎಲ್ಲರಿಗೂ ಸಂತೋಷ ಆಗ್ತದೆ. ನನಗೆ ಅಳು ಬಂತು. ಹೊರಗೆ ಬಂದು ನಿನ್ನ ಮುಖ ನೋಡಿದೆ, ಬಾಯಲ್ಲಿ ಹಾಗೆ ಬಂತು. ಒಮ್ಮೆ ಬಂದ ಮೇಲೆ ಹಿಂದೆ ತಗೊಳ್ಳಿಕ್ಕೆ ಆಗ್ಲಿಲ್ಲ."

"ಕೇಳ್ಬಹುದಿತ್ತು ನನ್ನ ಹತ್ರ. ಇರು ಅಂತ."

"ಕೇಳಿದ್ರೆ ಇರ್ತಿದ್ಯ?"

ನನ್ನ ಬಾಯಿಯಲ್ಲಿ ಮುಳ್ಳಿತ್ತು. ಅದನ್ನು ತೆಗೆದು ತಟ್ಟೆಯ ಅಂಚಿಗೆ ಇಟ್ಟೆ. ಇರುತ್ತಿದ್ದೆನೋ ಇಲ್ಲವೋ ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಶಾಲೆ ನನ್ನನ್ನು ಎಳೆಯುತ್ತಿತ್ತು, ಈ ಮನುಷ್ಯನೂ ಎಳೆಯುತ್ತಿದ್ದರು. ಅಳೆದು ತೂಗಿ, ಅತ್ತು, ಜಗಳವಾಡಿ ನಾನೇ ಒಂದನ್ನು ಆರಿಸಬೇಕಿತ್ತು. ಇವರು ನನಗೆ ಆ ಕಷ್ಟವನ್ನೇ ಕೊಡಲಿಲ್ಲ. ಯಾರ ಬಳೆಯನ್ನೂ ಕಳಚಿಸದ ಆ ಆಸ್ಪತ್ರೆಯ ಮೇಲೆ ನನಗೆ ಎಷ್ಟು ಭಕ್ತಿ ಎಂದು ಇವರಿಗೆ ಗೊತ್ತಿತ್ತು. ಅದನ್ನೇ ಹಗ್ಗ ಮಾಡಿ ನನ್ನನ್ನು ಕಟ್ಟಿದರು.

"ಆಸ್ಪತ್ರೆಯವರಿಗೆ ಶುಕ್ರನ್ ಹೇಳಿದ್ದು ಒಳ್ಳೇದಾಯ್ತು," ಎಂದೆ. "ಅವರು ನಿಮ್ಮನ್ನು ಸರಿಮಾಡಿ ಬಿಟ್ಟುಬಿಟ್ರು. ಹಿಡಿದಿಟ್ಟುಕೊಳ್ಳಲಿಲ್ಲ."

ಅವರು ಅತ್ತರು. ನಾನು ಎರಡನೇ ಬಂಗುಡೆ ತಿಂದೆ. ರುಚಿ ಗೊತ್ತಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಷ್ಟು ಚೆನ್ನಾಗಿತ್ತು ಎಂದೇ ಇನ್ನೂ ಸಿಟ್ಟು ಬಂತು.

ಮರುದಿನ ಶನಿವಾರ, ಕೆಲಸದ ದಿನ. ಸಂಜೆ ಅದೇ ಹೊತ್ತಿಗೆ ಕೆಳಗೆ ಹೆಜ್ಜೆ ಕೇಳಿಸಿತು. ನಾನು ಅಡುಗೆಮನೆಯಲ್ಲಿದ್ದೆ. ಮೊದಲ ಮಹಡಿ ದಾಟಿತು. ಎರಡನೇ ಮಹಡಿಯ ತಿರುವು ಬಂತು, ಹೆಜ್ಜೆ ನಿಲ್ಲಲಿಲ್ಲ. ಒಂದೇ ಸಮನೆ ಮೇಲೆ ಬಂತು, ಉಸಿರಿನ ಸದ್ದೂ ಇಲ್ಲದೆ, ಬಾಗಿಲವರೆಗೆ. ಕಪಾಟಿನ ಬಾಗಿಲು ತೆರೆದು ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಡಿಕೊಂಡದ್ದು ಈ ಸದ್ದನ್ನೇ. ಬಾಗಿಲು ತೆರೆಯಲು ನಾನು ಎದ್ದು ಹೋಗಲಿಲ್ಲ. ಕೀ ಅವರ ಹತ್ತಿರ ಇತ್ತು.